ಕಾನು, ಸೊಪ್ಪಿನ ಬೆಟ್ಟ, ದೇವರಕಾಡು: ಕಾಡಿಗೂ ತೋಟಕ್ಕೂ ನಡುವಿನ ನೆಲ

2024ರ ಜುಲೈ 31ರಂದು ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟದ ಬಗ್ಗೆ ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಆರು ರಾಜ್ಯಗಳ 56,825 ಚದರ ಕಿ.ಮೀ. ಜಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸುವ ಪ್ರಸ್ತಾವ ಅದು. ಅದರಲ್ಲಿ ಕರ್ನಾಟಕದ ಪಾಲೇ ಎಲ್ಲಕ್ಕಿಂತ ದೊಡ್ಡದು, 20,668 ಚದರ ಕಿ.ಮೀ. ಹಿಂದಿನ ದಿನವಷ್ಟೇ ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತಿದ್ದರು. ಎರಡು ವಾರ ಮುಂಚೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದಿತ್ತು. ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ, ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ಒಪ್ಪುವುದಿಲ್ಲ ಎಂದು ತೀರ್ಮಾನಿಸಿತು.

ಅಂದಿನಿಂದ ಮಲೆನಾಡಿನ ಊರುಗಳಲ್ಲಿ ಒಂದೇ ಪ್ರಶ್ನೆ. ನಮ್ಮ ಜಾಗ ಕಾಡಾ, ಅಲ್ವಾ? ತೋಟಕ್ಕೆ ಹೊಂದಿಕೊಂಡ ಬೆಟ್ಟ ಯಾರದು? ದೇವರ ಬನ ಯಾವ ಲೆಕ್ಕಕ್ಕೆ ಸೇರುತ್ತದೆ? ಡೀಮ್ಡ್ ಫಾರೆಸ್ಟ್ ಅಂದರೆ ಏನು? ಮಾತು ಬೇಗ 'ಪರಿಸರವಾದಿಗಳು' ಮತ್ತು 'ರೈತರು' ಎಂಬ ಎರಡು ಪಕ್ಷಕ್ಕೆ ಬಂದು ನಿಲ್ಲುತ್ತದೆ. ನೆಲದ ವಿಷಯ ಹಿಂದೆ ಬೀಳುತ್ತದೆ. ಅದಕ್ಕೇ ಇಲ್ಲಿ ನೆಲದಿಂದಲೇ ಶುರು ಮಾಡೋಣ.

ಸಹಜ ಕಾಡು ಯಾವುದು, ನೆಟ್ಟ ಹಸಿರು ಯಾವುದು?

ಮೇಲಿನಿಂದ ನೋಡಿದರೆ ಎಲ್ಲವೂ ಹಸಿರೇ. ತೊಂದರೆ ಶುರುವಾಗುವುದು ಇಲ್ಲೇ. ದೇಶದ ಅರಣ್ಯ ಎಷ್ಟಿದೆ ಎಂದು ಲೆಕ್ಕ ಹಾಕುವುದು ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ. ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ಮರದ ನೆರಳಿದ್ದರೆ ಅದು ಸಂಸ್ಥೆಯ ಲೆಕ್ಕದಲ್ಲಿ 'ಅರಣ್ಯ ಹೊದಿಕೆ'. ಜಾಗ ಯಾರದು, ಮರ ಯಾವುದು ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಹಣ್ಣಿನ ತೋಟ, ಬಿದಿರು, ತಾಳೆ ಜಾತಿಯ ಮರಗಳೂ ಸೇರುತ್ತವೆ. ಹಾಗಾಗಿ ಒಂದು ಹಳೇ ಕಾಡು ಹೋಗಿ ಆ ಜಾಗಕ್ಕೆ ರಬ್ಬರ್ ಬಂದರೆ, ಕೆಲವು ವರ್ಷಗಳ ನಂತರ ವರದಿಯಲ್ಲಿ ಹಸಿರು ಮೊದಲಿನಷ್ಟೇ ಕಾಣಬಹುದು. ಅರಣ್ಯ ಹೆಚ್ಚಾಗಿದೆ ಎಂಬ ಸುದ್ದಿ ಓದಿದಾಗ ಈ ವ್ಯಾಖ್ಯೆ ನೆನಪಿನಲ್ಲಿರಬೇಕು.

ನೆಟ್ಟ ಅಕೇಶಿಯಾ ತೋಪು ಒಂದು ಹಾಸ್ಟೆಲ್ ಇದ್ದ ಹಾಗೆ. ಎಲ್ಲರೂ ಒಂದೇ ವಯಸ್ಸಿನವರು, ಒಟ್ಟಿಗೆ ಬಂದವರು, ಒಂದೇ ದಿನ ಖಾಲಿ ಮಾಡುವವರು. ಸಹಜ ಕಾಡು ಊರು. ಅಲ್ಲಿ ಮುದುಕರಿದ್ದಾರೆ, ನಿನ್ನೆ ಹುಟ್ಟಿದವರಿದ್ದಾರೆ, ಒಬ್ಬರ ಕಸುಬಿನ ಮೇಲೆ ಇನ್ನೊಬ್ಬರ ಊಟ ನಿಂತಿದೆ. ರಾಮಪತ್ರೆಯ ಕಾಯಿ ಒಡೆದಾಗ ಒಳಗಿನ ಕೆಂಪು ಪತ್ರೆಗೆ ಆಸೆಪಟ್ಟು ಮಂಗಟ್ಟೆ ಹಕ್ಕಿ ಬರುತ್ತದೆ. ಬೀಜ ನುಂಗಿ ದೂರದಲ್ಲಿ ಬೀಳಿಸುತ್ತದೆ. ಮಂಗಟ್ಟೆಗೆ ಗೂಡು ಕಟ್ಟಲು ಪೊಟರೆ ಇರುವ ಹಳೇ ದೊಡ್ಡ ಮರವೇ ಬೇಕು. ಹಳೇ ಮರ ಹೋದರೆ ಹಕ್ಕಿ ಹೋಯಿತು. ಹಕ್ಕಿ ಹೋದರೆ ಮುಂದಿನ ತಲೆಮಾರಿನ ರಾಮಪತ್ರೆ ತಾಯಿಮರದ ಬುಡದಲ್ಲೇ ಮೊಳೆತು ಸಾಯುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕಾದರೆ ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹೋಗಬೇಕು. ಅಲ್ಲಿ ಹಳ್ಳದ ಬದಿಗೆ ನೆಲ ಸಮತಟ್ಟಾಗುವ ಕಡೆ ವರ್ಷವಿಡೀ ನೀರು ನಿಂತ ಕೆಸರಿದೆ. ಇಂಥ ಜಾಗವನ್ನು ಊರಿನವರು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಮರವೇ ಒಂದು ದಾರಿ ಹುಡುಕಿದೆ. ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮೊಣಕಾಲು ಮಡಿಸಿದಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಮೇಲೆ ಬಂದ ಆ ಬಾಗಿನಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಇನ್ನು ಕೆಲವು ಮರಗಳು ಕಾಂಡದಿಂದ ಊರುಗೋಲಿನಂಥ ಬೇರುಗಳನ್ನು ಸುತ್ತಲೂ ಇಳಿಬಿಟ್ಟು ನಿಂತಿವೆ. ಒಂದು ಜಾತಿಯ ಮರವಂತೂ ಈ ಊರಿನ ಹೆಸರನ್ನೇ ಹೊತ್ತಿದೆ. ಗೇರು ಕುಟುಂಬದ ಆ ಮರ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್, ವಿಜ್ಞಾನಿಗಳಿಗೆ ಪರಿಚಯವಾಗಿದ್ದೇ 2000ನೇ ಇಸವಿಯಲ್ಲಿ. ಇಂಥ ಜಡ್ಡಿಗೆ ಕಾಲುವೆ ಹೊಡೆದು ನೀರು ಬಸಿದರೆ ಚೆನ್ನಾದ ಗದ್ದೆಯಾಗುತ್ತದೆ, ತೋಟವಾಗುತ್ತದೆ. ಘಟ್ಟದ ಹೆಚ್ಚಿನ ಜಡ್ಡಿಗಳು ಹೋಗಿದ್ದೂ ಹಾಗೆಯೇ. ಒಮ್ಮೆ ನೀರು ಬಸಿದು ಹೋದರೆ ಗಿಡ ನೆಟ್ಟು ಜಡ್ಡಿಯನ್ನು ವಾಪಸ್ ತರಲು ಆಗುವುದಿಲ್ಲ.

ಮನುಷ್ಯರ ಜೊತೆ ಬೆಳೆದ ನೆಲ

ಹಾಗಾದರೆ ಮನುಷ್ಯ ಕಾಲಿಡದ ಕಾಡು ಮಾತ್ರ ಕಾಡೇ? ಮಲೆನಾಡಿನಲ್ಲಿ ಉತ್ತರ ಅಷ್ಟು ಸರಳವಾಗಿಲ್ಲ.

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಒಂದು ಕಣಿವೆಯನ್ನು ತಲೆಯಿಂದ ಕೆಳಗೆ ಇಳಿಯುತ್ತಾ ನೋಡಿ. ಮೇಲುಗಡೆ ದಟ್ಟ ಕಾನು, ಅಂದರೆ ನಿತ್ಯಹಸಿರಿನ ಕಾಡು. ಅದರ ಕೆಳಗೆ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ. ಪಕ್ಕದಲ್ಲಿ ದನ ಮೇಯುವ ಬ್ಯಾಣ. ಕಣಿವೆಯ ತಂಪು ಜಾಗದಲ್ಲಿ ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿದ ಮೆಣಸು, ಬುಡದಲ್ಲಿ ಏಲಕ್ಕಿ, ಬಾಳೆ. ಇನ್ನೂ ಕೆಳಗೆ ಗದ್ದೆ, ಕೆರೆ. ಇವು ಬೇರೆ ಬೇರೆ ಸರ್ವೆ ನಂಬರ್ ಆಗಿರಬಹುದು, ಆದರೆ ಕೆಲಸ ಮಾಡುವುದು ಒಂದೇ ಘಟಕವಾಗಿ.

ಕಾನಿನ ನೆಲದ ಮೇಲೆ ವರ್ಷಗಟ್ಟಲೆ ಬಿದ್ದ ಎಲೆ ಕೊಳೆತು ಮಣ್ಣು ಸಡಿಲವಾಗಿರುತ್ತದೆ. ಸತ್ತ ಬೇರುಗಳು ಬಿಟ್ಟ ತೂತುಗಳು ಆಳಕ್ಕೆ ಹೋಗಿರುತ್ತವೆ. ಜೋರು ಮಳೆ ಮೊದಲು ಎಲೆಗೆ ತಾಗಿ, ಕೊಂಬೆಗೆ ಇಳಿದು, ನಿಧಾನಕ್ಕೆ ನೆಲ ಮುಟ್ಟುತ್ತದೆ. ಅಲ್ಲಿಂದ ಒಳಗೆ ಇಂಗುತ್ತದೆ. ತಿಂಗಳುಗಳ ಮೇಲೆ ಅದೇ ನೀರು ಕೆಳಗಿನ ತೋಟದ ತಲೆಯಲ್ಲಿ ಒರತೆಯಾಗಿ ಬರುತ್ತದೆ. ಅದಕ್ಕೇ ಹಿಂದಿನವರು ತೋಟ ಮಾಡುವಾಗ ಮೇಲಿನ ಕಾನಿಗೆ ಕೈ ಹಾಕುತ್ತಿರಲಿಲ್ಲ.

ಸೊಪ್ಪಿನ ಬೆಟ್ಟದ ಕತೆ ಬೇರೆ. ಅಲ್ಲಿ ಮತ್ತಿ, ಹೊನ್ನೆ, ನಂದಿ, ನೇರಲು ಇಂಥ ಮರಗಳಿರುತ್ತವೆ. ಕೊಂಬೆಯ ಸೊಪ್ಪು ಕಡಿದು ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸುತ್ತಾರೆ. ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತಾರೆ. ಸಗಣಿ, ಗಂಜಲ ಸೇರಿ ಗೊಬ್ಬರವಾಗುತ್ತದೆ. ಗೊಬ್ಬರ ತೋಟಕ್ಕೆ ಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದು ಇದೇ ಕಾರಣಕ್ಕೆ. ಕೊಟ್ಟಿದ್ದು ಸೊಪ್ಪಿನ ಹಕ್ಕು, ನೆಲದ ಒಡೆತನ ಅಲ್ಲ. ಬುಡ ಕಡಿಯುವಂತಿಲ್ಲ.

ಬೆಟ್ಟ ಎಲ್ಲ ಕಡೆಯೂ ಚೆನ್ನಾಗಿತ್ತು ಎಂದೇನೂ ಅಲ್ಲ. ತುದಿಯಲ್ಲಿ ಒಂದು ಹಿಡಿ ಎಲೆ ಬಿಟ್ಟು ಉಳಿದಿದ್ದೆಲ್ಲ ಬೋಳಿಸಿದ ಮರಗಳ ಸಾಲು ಇಂದಿಗೂ ಕಾಣುತ್ತದೆ. ಪ್ರತಿ ವರ್ಷ ದರಕು ಪೂರ್ತಿ ಗುಡಿಸಿದ ನೆಲ ಗಟ್ಟಿಯಾಗುತ್ತದೆ, ಹೊಸ ಸಸಿ ಏಳುವುದಿಲ್ಲ. ಸರದಿ ಹಾಕಿ, ಒಂದು ಭಾಗಕ್ಕೆ ವಿಶ್ರಾಂತಿ ಕೊಟ್ಟು ಬಳಸಿದ ಮನೆಗಳ ಬೆಟ್ಟ ಕಾಡಿನಂತೆಯೇ ಇದೆ. ಒಂದೇ ಊರಿನಲ್ಲಿ, ಬೇಲಿಯ ಆಚೀಚೆ, ಈ ಎರಡೂ ಬಗೆಯ ಬೆಟ್ಟ ಸಿಗುತ್ತವೆ.

ಅಪ್ಪೆಮಿಡಿಯನ್ನೇ ನೋಡಿ. ಉಪ್ಪಿನಕಾಯಿ ಹಾಕಿದರೆ ವರ್ಷಗಟ್ಟಲೆ ಪರಿಮಳ ಬಿಡದ ಈ ಮಾವಿನ ಮರಗಳು ಬೆಳೆದಿದ್ದು ಹೊಳೆ, ಹಳ್ಳಗಳ ದಂಡೆಯಲ್ಲಿ, ತಾವಾಗಿಯೇ. ಆದರೆ ಯಾವ ಮರದ ಮಿಡಿಗೆ ಜೀರಿಗೆ ಪರಿಮಳ, ಯಾವುದರ ಸೊನೆ ಚೆನ್ನ, ಯಾವುದು ಬಾಳಿಕೆ ಬರುತ್ತದೆ ಎಂದು ಗುರುತಿಟ್ಟು, ಹೆಸರಿಟ್ಟು, ಕಸಿ ಕಟ್ಟಿ ಉಳಿಸಿದ್ದು ಊರಿನ ಜನ. ಉಪ್ಪಾಗೆ, ಮುರುಗಲು, ವಾಟೆಹುಳಿ ಎಲ್ಲವೂ ಹೀಗೆಯೇ ಕಾಡು ಮತ್ತು ಅಡುಗೆಮನೆ ಎರಡಕ್ಕೂ ಸೇರಿದವು. ಮಿಡಿಗೆ ಬೆಲೆ ಬಂದ ಮೇಲೆ ಹತ್ತಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಉರುಳಿಸುವವರೂ ಬಂದರು ಎನ್ನುವುದು ಬೇಸರದ ವಿಷಯ.

ಪ್ರಕೃತಿ ಮತ್ತು ಮನುಷ್ಯರ ದುಡಿಮೆ ಹೀಗೆ ಹೆಣೆದುಕೊಂಡ ನೆಲಕ್ಕೆ ತಜ್ಞರು 'ಸಾಂಸ್ಕೃತಿಕ ಭೂದೃಶ್ಯ' ಎನ್ನುತ್ತಾರೆ. ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಪಟ್ಟಿಗೆ ಈ ವರ್ಗವನ್ನು ಸೇರಿಸಿಕೊಂಡಿದ್ದು 1992ರಲ್ಲಿ.

ಮೆಣಸಿನ ಕಾನುಗಳು

ಸೊರಬದ ಕಡೆ ಹೋದರೆ ಸುತ್ತಮುತ್ತ ಎಲೆ ಉದುರಿಸುವ ಒಣ ಕಾಡು, ಬಯಲು. ಅದರ ನಡುವೆ ಅಲ್ಲಲ್ಲಿ ಕಪ್ಪಗೆ ಕಾಣುವ ನಿತ್ಯಹಸಿರಿನ ತುಂಡುಗಳು. ಇವು ಸುಮ್ನೆ ಉಳಿದಿದ್ದಲ್ಲ. ಕಾನಿನಲ್ಲಿ ಕಾಳುಮೆಣಸು ಬೆಳೆಯುತ್ತಿತ್ತು, ಬೈನೆ ಮರದಿಂದ ಕಳ್ಳು ಸಿಗುತ್ತಿತ್ತು, ಜೇನು ಸಿಗುತ್ತಿತ್ತು. ಒಳಗೆ ಚೌಡಿಯೋ ಭೂತಪ್ಪನೋ ಕಾವಲಿಗಿದ್ದರು. ಹೊನ್ನಾವರದ ಕರಿಕಾನ ಪರಮೇಶ್ವರಿಯಂಥ ದೇವಿಯರ ಹೆಸರಿನಲ್ಲೇ ಕಾನು ಸೇರಿಕೊಂಡಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಆ ವ್ಯಾಪಾರದ ಮೆಣಸು ಬಂದಿದ್ದು ಇಂಥ ಕಾಡು, ಕಣಿವೆಗಳಿಂದಲೇ.

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬ ತಾಲೂಕಿನಲ್ಲಿ 171 ಕಾನುಗಳನ್ನು ದಾಖಲಿಸಿದರು. ಒಟ್ಟು ಸುಮಾರು 13 ಸಾವಿರ ಹೆಕ್ಟೇರ್. ಒಂದೇ ತಾಲೂಕಿನಲ್ಲಿ! ಆಮೇಲೆ ಕಾನುಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಊರಿನವರ ಆಸಕ್ತಿ ಸಡಿಲವಾಯಿತು. ಮೆಣಸು ಕಾಡಿನಿಂದ ತೋಟಕ್ಕೆ ಬಂದಿತು. ಕಾಯುವವರಿಗೆ ಲಾಭ ಇಲ್ಲದೇ ಹೋದ ಕಾನು ಮೊದಲು ಮರಮಟ್ಟಿಗೆ, ನಂತರ ಸಾಗುವಳಿಗೆ ಹೋಯಿತು. ಇಡೀ ವಿಷಯದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇದೇ ಎಂದು ನನಗೆ ಅನಿಸುತ್ತದೆ. ಕಾನು ಉಳಿದಿದ್ದು ಜನ ಅದರಿಂದ ದೂರ ಇದ್ದಿದ್ದರಿಂದ ಅಲ್ಲ. ಬಳಕೆಯೂ ಇತ್ತು, ಬಳಕೆಗೆ ಕಟ್ಟಳೆಯೂ ಇತ್ತು. ಎರಡರಲ್ಲಿ ಒಂದು ಕಳಚಿದಾಗ ಕಾನು ಕರಗಿತು.

ಕೊಡಗಿನ ದೇವರಕಾಡು

ಕೊಡಗಿನಲ್ಲಿ ಹೆಚ್ಚುಕಡಿಮೆ ಪ್ರತಿ ಊರಿಗೂ ಒಂದು ದೇವರಕಾಡು ಇದೆ. ಅಯ್ಯಪ್ಪ, ಭಗವತಿ, ಮಹಾದೇವ ಹೀಗೆ ಬೇರೆ ಬೇರೆ ದೇವರು. ದಾಖಲೆಯಲ್ಲಿರುವುದು 1,214 ದೇವರಕಾಡುಗಳು. ಕೆಲವು ನೂರಾರು ಎಕರೆ, ಹಲವು ಒಂದೆರಡು ಎಕರೆಗಿಂತ ದೊಡ್ಡದಲ್ಲ. ನಿಯಮ ಸರಳ. ಕೊಡಲಿ ಹಾಕುವಂತಿಲ್ಲ, ಬೇಟೆಯಾಡುವಂತಿಲ್ಲ, ವರ್ಷಕ್ಕೊಮ್ಮೆ ಹಬ್ಬಕ್ಕೆ ಊರೆಲ್ಲ ಸೇರಬೇಕು.

20ನೇ ಶತಮಾನದ ಆರಂಭದಲ್ಲಿ ಆರು ಸಾವಿರ ಹೆಕ್ಟೇರ್‌ಗಿಂತ ಜಾಸ್ತಿ ಇದ್ದ ದೇವರಕಾಡು 1985ರ ಹೊತ್ತಿಗೆ ಎರಡೂವರೆ ಸಾವಿರ ಹೆಕ್ಟೇರ್ ಆಸುಪಾಸಿಗೆ ಇಳಿದಿತ್ತು. 1905ರಲ್ಲಿ ಅವು ಕಂದಾಯ ಇಲಾಖೆಯ ಕೈಗೆ ಹೋಗಿದ್ದವು. 1985ರಲ್ಲಿ ಅರಣ್ಯ ಇಲಾಖೆಗೆ ವಾಪಸ್ ಬಂದವು. ನಡುವಿನ ಎಂಬತ್ತು ವರ್ಷದಲ್ಲಿ ಅಂಚಿನಿಂದ ಒಳಕ್ಕೆ ಕಾಫಿ ಬೆಳೆಯುತ್ತಾ ಬಂತು.

ತುಂಡಾದ ಕಾಡಿಗೆ ಇನ್ನೊಂದು ಕಷ್ಟವಿದೆ. ದೊಡ್ಡ ಕಾಡಿನಲ್ಲಿ ಬಿಸಿಲು, ಒಣಗಾಳಿ ಅಂಚಿಗಷ್ಟೇ ತಾಗುತ್ತವೆ. ಎರಡು ಎಕರೆಯ ಕಾಡಿಗೆ ಅಂಚೇ ಜಾಸ್ತಿ, ಒಳಗೆಂಬುದೇ ಕಡಿಮೆ. ತೇವ ಆರುತ್ತದೆ. ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆಗಳು ನುಗ್ಗುತ್ತವೆ. ದೊಡ್ಡ ಮರ ಗಾಳಿಗೆ ಉರುಳಿದರೆ ಆ ಜಾಗ ತುಂಬಲು ಸಸಿ ಇರುವುದಿಲ್ಲ. ಆದರೂ ಈ ಸಣ್ಣ ಬನಗಳು ವ್ಯರ್ಥವಲ್ಲ. ಸುತ್ತಲಿನ ಕಾಫಿ ತೋಟದಲ್ಲಿ ದೇಸಿ ನೆರಳು ಮರಗಳಿದ್ದರೆ ಹಕ್ಕಿ, ಜೇನು, ಮಂಗ ಒಂದು ಬನದಿಂದ ಇನ್ನೊಂದಕ್ಕೆ ದಾಟುತ್ತವೆ. ಹಾಗಾಗಿ ದೇವರಕಾಡಿನ ಹಣೆಬರಹ ಪಕ್ಕದ ತೋಟದ ನೆರಳಿನ ಮೇಲೂ ನಿಂತಿದೆ.

ನೆಲ ಬದಲಾಗುತ್ತಿರುವುದು ಯಾಕೆ?

ಮೊದಲ ಕಾರಣ ದುಡ್ಡು, ಇದರಲ್ಲಿ ಮುಚ್ಚುಮರೆ ಏನಿಲ್ಲ. ಭತ್ತ ಬೆಳೆದರೆ ಕೂಲಿಯೂ ಹುಟ್ಟುವುದಿಲ್ಲ, ಅಡಿಕೆಗೆ ಬೆಲೆ ಇದೆ. ಗದ್ದೆಗೆ ಅಡಿಕೆ ಬಂತು. ಗದ್ದೆ ಮುಗಿದ ಮೇಲೆ ಬ್ಯಾಣ, ಬೆಟ್ಟ, ಗೋಮಾಳದ ಕಡೆ ಕಣ್ಣು ಬಿತ್ತು. ಕೊಳವೆಬಾವಿ, ಡ್ರಿಪ್ ಬಂದ ಮೇಲೆ ಅಡಿಕೆಗೆ ಕಣಿವೆಯ ತಂಪೇ ಬೇಕೆಂದಿಲ್ಲ. ಇಳಿಜಾರಿಗೆ ಜೆಸಿಬಿ ಹತ್ತಿಸಿ ಮೆಟ್ಟಿಲು ಕಡಿಯುವುದು ಒಂದೆರಡು ದಿನದ ಕೆಲಸ. ಹಾಗೆ ಕಡಿದಾಗ ಮಣ್ಣನ್ನು ಹಿಡಿದ ಬೇರು ಹೋಗುತ್ತದೆ, ಮಳೆನೀರು ಇಳಿಯುವ ದಾರಿ ಬದಲಾಗುತ್ತದೆ. ಮೇಲಿನ ಒಬ್ಬರು ಬೆಟ್ಟ ಬೋಳಿಸಿದರೆ ಬೇಸಿಗೆಯಲ್ಲಿ ಒರತೆ ಬತ್ತುವುದು ಕೆಳಗಿನವರ ತೋಟದಲ್ಲಿ.

ಎರಡನೆಯದು ಬೆಟ್ಟದ ಅಗತ್ಯವೇ ಕಡಿಮೆಯಾಗಿದ್ದು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಸೊಪ್ಪು ಕಡಿಯಲು ಆಳು ಸಿಗುವುದಿಲ್ಲ. ಹತ್ತು ದನ ಇದ್ದ ಕೊಟ್ಟಿಗೆಯಲ್ಲಿ ಒಂದೋ ಎರಡೋ ಇವೆ. ಗೊಬ್ಬರ ಮೂಟೆಯಲ್ಲಿ ಬರುತ್ತದೆ. ಸೊಪ್ಪಿಗೆಂದು ಬಿಟ್ಟ ಬೆಟ್ಟ ಈಗ ಮನೆಯವರ ಕಣ್ಣಿಗೆ ಖಾಲಿ ಜಾಗ. ಮೇಲಿಂದ ಎಲೆಚುಕ್ಕಿ ರೋಗ ಹಳೇ ತೋಟಗಳನ್ನು ಹಿಂಡುತ್ತಿದೆ. ಮನೆ ನಡೆಸುವವರು ಇನ್ನೊಂದು ಎಕರೆ ಹೊಸ ಅಡಿಕೆಗೆ ಆಸೆಪಟ್ಟರೆ ಅದನ್ನು ದುರಾಸೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಮೂರನೆಯದು ಸರ್ಕಾರವೇ ಮಾಡಿದ್ದು. ಹಿಂದೆ ಸಹಜ ಕಾಡು ಕಡಿದು ತೇಗ, ನೀಲಗಿರಿ ನೆಟ್ಟರು. 1980ರ ದಶಕದಿಂದ ಬೋಳುಗುಡ್ಡ ಎಂಬ ಹೆಸರಿನಲ್ಲಿ ಹುಲ್ಲಿನ ಬ್ಯಾಣಗಳಿಗೆ ಅಕೇಶಿಯಾ ಹಾಕಿದರು. ಬ್ಯಾಣ ಬೋಳು ಅಲ್ಲ, ಅದು ದನದ ಮೇವು, ಕಾಡುಪ್ರಾಣಿಗಳ ಊಟ. ಅಣೆಕಟ್ಟುಗಳೂ ಈ ಲೆಕ್ಕದಲ್ಲಿವೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಶರಾವತಿ ಕೊಳ್ಳದ ಊರುಗಳನ್ನು, ಕಾಡನ್ನು ಒಟ್ಟಿಗೆ ಮುಳುಗಿಸಿತು. ಈಗ ಅದೇ ಕೊಳ್ಳದಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ನಡೆದಿದೆ.

ನಾಲ್ಕನೆಯದನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಅದು ಒಳ್ಳೇ ಉದ್ದೇಶದ ನಿಯಮ ಉಲ್ಟಾ ಹೊಡೆದ ಕತೆ. ಕೊಡಗಿನಲ್ಲಿ ಎಷ್ಟೋ ತೋಟಗಳ ನೆಲ ರೈತರದು, ಆದರೆ ಅಲ್ಲಿನ ಕಾಡುಮರಗಳ ಹಕ್ಕು ಸರ್ಕಾರದ್ದು. ಬೀಟೆ, ಹೊನ್ನೆ ಮುಂತಾದ ದೇಸಿ ಮರ ಕಡಿಯಲು ಅನುಮತಿ, ಓಡಾಟ, ಕಾಗದಪತ್ರ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಆ ತಾಪತ್ರಯ ಇಲ್ಲ. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿಗೂ ಆಗುತ್ತದೆ, ಬೇಕಾದಾಗ ಮಾರಬಹುದು. ಹಾಗಾಗಿ ತೋಟದಲ್ಲಿ ತಾನಾಗಿ ಹುಟ್ಟಿದ ಹೊನ್ನೆ ಸಸಿಯನ್ನು ಉಳಿಸಿಕೊಂಡರೆ ನಾಳೆ ತಲೆನೋವು, ಕಿತ್ತು ಸಿಲ್ವರ್ ಓಕ್ ನೆಟ್ಟರೆ ನಾಳೆ ಆದಾಯ. ದೇಸಿ ಮರವನ್ನು ಕಾಯಲು ಮಾಡಿದ ನಿಯಮವೇ ಮುಂದಿನ ತಲೆಮಾರಿನ ದೇಸಿ ಮರ ಹುಟ್ಟದಂತೆ ಮಾಡಿತು.

ಕಾನೂನಿನಲ್ಲಿ ಯಾವುದು ಏನು?

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 79ನೇ ಕಲಂ ಮಲೆನಾಡು, ಕರಾವಳಿಯವರು ತಿಳಿದಿರಬೇಕಾದದ್ದು. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೇ ಮೈಸೂರು ಭಾಗದ ಕಾನು, ಸೊಪ್ಪಿನ ಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಹೀಗೆ ಒಂದೊಂದು ಕಡೆ ಒಂದೊಂದು ಹೆಸರಿನ ಈ ಜಾಗಗಳಲ್ಲಿ ರೂಢಿಯಿಂದ ಬಂದ ಸವಲತ್ತು ಮುಂದುವರಿಯುತ್ತದೆ ಎಂದು ಆ ಕಲಂ ಹೇಳುತ್ತದೆ. ಗಮನಿಸಿ, ಅದು ಹೇಳುವುದು ಸವಲತ್ತು. ಮಾರುವ, ನೆಲ ಪರಿವರ್ತಿಸುವ ಹಕ್ಕು ಅದರಿಂದ ಬರುವುದಿಲ್ಲ. ಕೊಡಗಿನ ಜಮ್ಮಾ ವಿಷಯದಲ್ಲಿ ಮಾತ್ರ ನಂತರ ಬೇರೆ ತಿದ್ದುಪಡಿ ಆಗಿದೆ.

ಇನ್ನು 'ಕಾಡು' ಎಂಬುದರ ವ್ಯಾಖ್ಯೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡಲು ಕೇಂದ್ರದ ಒಪ್ಪಿಗೆ ಬೇಕು. ಆದರೆ ಯಾವುದು ಅರಣ್ಯ? 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡು, ಒಡೆತನ ಯಾರದೇ ಇರಲಿ. ಅಧಿಸೂಚನೆ ಆಗದಿದ್ದರೂ ಕಾಡಿನ ಲಕ್ಷಣ ಇರುವ ಇಂಥ ಜಾಗವನ್ನೇ ಡೀಮ್ಡ್ ಫಾರೆಸ್ಟ್, ಪರಿಭಾವಿತ ಅರಣ್ಯ ಎನ್ನುವುದು. ಕರ್ನಾಟಕ ಮೊದಲು 9.94 ಲಕ್ಷ ಹೆಕ್ಟೇರ್ ಗುರುತಿಸಿತ್ತು. ಮನೆ, ಶಾಲೆ, ಸಾಗುವಳಿ ಜಾಗ ಸೇರಿಹೋಗಿದೆ ಎಂಬ ದೂರುಗಳ ನಂತರ 2022ರಲ್ಲಿ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ದೂರುಗಳಲ್ಲಿ ಹುರುಳಿತ್ತು. ಹಾಗೆಂದು ಕೈಬಿಟ್ಟ ಆರೂವರೆ ಲಕ್ಷ ಹೆಕ್ಟೇರ್ ಎಲ್ಲವೂ ಮನೆ, ಹೊಲವೇ ಎಂದೂ ತಿಳಿಯಬೇಕಿಲ್ಲ.

2023ರಲ್ಲಿ ಸಂಸತ್ತು 1980ರ ಕಾಯ್ದೆಗೆ ತಿದ್ದುಪಡಿ ತಂದಿತು. ಕಾಯ್ದೆ ಅನ್ವಯಿಸುವುದು ಅಧಿಸೂಚಿತ ಅರಣ್ಯ ಮತ್ತು ಸರ್ಕಾರಿ ದಾಖಲೆಯಲ್ಲಿ ಅರಣ್ಯ ಎಂದಿರುವ ಜಾಗಕ್ಕೆ ಎಂದಿತು. ದಾಖಲೆಗೆ ಸೇರದ ಕಾಡುಗಳ ಗತಿ ಏನು ಎಂದು ಹಲವರು ಕೋರ್ಟಿಗೆ ಹೋದರು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ರಾಜ್ಯಗಳು ಪಟ್ಟಿ ಸಿದ್ಧಪಡಿಸುವವರೆಗೆ 1996ರ ಅರ್ಥವನ್ನೇ ಪಾಲಿಸಬೇಕು ಎಂದು ಮಧ್ಯಂತರ ಆದೇಶ ಕೊಟ್ಟಿತು. ಕಾನು, ದೇವರಬನಗಳ ಮಟ್ಟಿಗೆ ಈ ಪಟ್ಟಿ ಬಹಳ ಮುಖ್ಯ.

ಪರಿಸರ ಸೂಕ್ಷ್ಮ ಪ್ರದೇಶ ಇವೆಲ್ಲದರಿಂದ ಬೇರೆ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಇಡೀ ಘಟ್ಟವನ್ನೇ ಸೂಕ್ಷ್ಮ ಎಂದು ಪರಿಗಣಿಸಿ ಮೂರು ವಲಯ ಮಾಡಿತ್ತು, ಯಾವ ಊರಿಗೆ ಯಾವ ನಿಯಮ ಎಂಬ ಚರ್ಚೆ ಗ್ರಾಮಸಭೆಯವರೆಗೆ ಹೋಗಬೇಕು ಎಂದಿತ್ತು. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರ ಆಧರಿಸಿ ಘಟ್ಟವನ್ನು ಎರಡು ಭಾಗ ಮಾಡಿತು. ಊರು, ಹೊಲ, ತೋಟ ಇರುವ ಸಾಂಸ್ಕೃತಿಕ ಭೂದೃಶ್ಯ ಸುಮಾರು ಶೇಕಡಾ 60. ಉಳಿದ 40 ಸಹಜ ಭೂದೃಶ್ಯ. ಸಹಜ ಭಾಗದಲ್ಲಿ ಜೀವವೈವಿಧ್ಯ ಹೆಚ್ಚಿರುವ ಕಡೆ ಮಾತ್ರ ಸೂಕ್ಷ್ಮ ಪ್ರದೇಶ. ಒಂದು ಗ್ರಾಮದ ಶೇಕಡಾ 20ರಷ್ಟು ಅಥವಾ ಹೆಚ್ಚು ಜಾಗ ಹಾಗಿದ್ದರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಪೇಟೆ ಇರುವ ಗ್ರಾಮವೂ ಸೇರಿದ್ದು ಹೀಗೆ.

ಸೇರಿದರೆ ಏನಾಗುತ್ತದೆ? ಕರಡಿನ ಪ್ರಕಾರ ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ ನಿಷೇಧ. ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ, ಅಂದರೆ ಮಾಲಿನ್ಯ ಜಾಸ್ತಿ ಮಾಡುವ ಹೊಸ ಉದ್ಯಮ ಇಲ್ಲ. 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ, ದೊಡ್ಡ ಟೌನ್‌ಶಿಪ್ ಇಲ್ಲ. ಈಗಿರುವ ಕೃಷಿ, ತೋಟ, ಮನೆ, ಆಸ್ತಿಯ ಒಡೆತನಕ್ಕೆ ಅದು ಕೈ ಹಾಕುವುದಿಲ್ಲ. ಆದರೂ ಜನರ ಭಯ ಕಾರಣವಿಲ್ಲದ್ದಲ್ಲ. ಅರಣ್ಯ ಕಾನೂನಿನ ಹೆಸರಿನಲ್ಲಿ ಒಕ್ಕಲೆಬ್ಬಿಸಿದ, ಕೇಸು ಹಾಕಿದ ನೆನಪು ಮಲೆನಾಡಿನಲ್ಲಿ ಇನ್ನೂ ಹಸಿಯಾಗಿದೆ. ಇನ್ನೊಂದು ಕೊರತೆ ನಕ್ಷೆಯದೇ. ಎರಡು ಭಾಗ ಮಾಡಿದ ಗೆರೆ ಬೆಟ್ಟ, ಬ್ಯಾಣ, ಸಣ್ಣ ದೇವರಬನಗಳನ್ನು ಹಿಡಿಯುವುದಿಲ್ಲ. ಅವು ಒಂದು ಕಡೆ ಕಾಡು, ಇನ್ನೊಂದು ಕಡೆ ತೋಟ ಎಂದು ಹಂಚಿಹೋಗುತ್ತವೆ.

ಉಳಿಸಿದ ದಾರಿಗಳು

ಮಾದರಿಗಳು ಇಲ್ಲದಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಅಲ್ಲಿ. ಕಡಿತಕ್ಕೆ ಅನುಮತಿ ಇದ್ದಿದ್ದು ಕಾನೂನಿನ ಪ್ರಕಾರವೇ. ಅದನ್ನು ಪ್ರಶ್ನಿಸಿದವರು ಸೊಪ್ಪು, ನೀರು, ಜೇನಿಗೆ ಆ ಕಾಡನ್ನೇ ನಂಬಿದ್ದ ರೈತರು. ಘಟ್ಟದ ಹಸಿಮರ ಕಡಿಯುವುದಕ್ಕೆ ಮುಂದೆ ಸರ್ಕಾರ ತಡೆ ಹಾಕುವುದರ ಹಿಂದೆ ಆ ಒತ್ತಾಯವೂ ಇತ್ತು.

ಕತ್ತಲೆಕಾನು ಸೇರಿದ ಸುಮಾರು 300 ಚದರ ಕಿ.ಮೀ. ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಸಂರಕ್ಷಣಾ ಮೀಸಲಿನಲ್ಲಿ ಊರಿನವರ ಹಕ್ಕುಗಳು ಮುಂದುವರಿಯುತ್ತವೆ, ನಿರ್ವಹಣಾ ಸಮಿತಿಯಲ್ಲಿ ಅವರ ಪ್ರತಿನಿಧಿಗಳಿರುತ್ತಾರೆ. 2019ರಲ್ಲಿ ಇದನ್ನು ಶರಾವತಿ ಅಭಯಾರಣ್ಯದ ಜೊತೆ ಸೇರಿಸಿ 930 ಚದರ ಕಿ.ಮೀ.ಯ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು. ರಕ್ಷಣೆ ಬಿಗಿಯಾಯಿತು, ಆದರೆ ಅಭಯಾರಣ್ಯದಲ್ಲಿ ಊರಿನವರಿಗೆ ಅಷ್ಟು ದೊಡ್ಡ ಪಾತ್ರವಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಹೀಗೆ ಹಕ್ಕು ಪಡೆದ ಮೊದಲಿಗರು ಅವರು. ಸೋಲಿಗರ ಹಿರಿಯರು ತರಗು ಬೆಂಕಿಯ ಬಗ್ಗೆ ಹೇಳುತ್ತಾರೆ. ಬೇಸಿಗೆ ಏರುವ ಮೊದಲೇ ತೆಳುವಾದ ತರಗಿಗೆ ಬೆಂಕಿ ಕೊಟ್ಟರೆ ನೆಲದ ಮೇಲಷ್ಟೇ ಸರಿದುಹೋಗುತ್ತದೆ, ಮರಕ್ಕೆ ತಾಗುವುದಿಲ್ಲ. ಆ ರೂಢಿ ನಿಂತ ಮೇಲೆ ಲಂಟಾನ ತುಂಬಿತು, ಈಗ ಬೆಂಕಿ ಬಿದ್ದರೆ ಕಾಡೇ ಉರಿಯುತ್ತದೆ ಎಂಬುದು ಅವರ ಅನುಭವ.

ಇನ್ನೊಂದು ದಾರಿ 2002ರ ಜೀವವೈವಿಧ್ಯ ಕಾಯ್ದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪರಂಪರೆಯ ತಾಣವಾಯಿತು. ಅದು ಯಾರೂ ಮುಟ್ಟದ ಕಾಡಲ್ಲ, ಜನ ನೂರಾರು ವರ್ಷ ಕಾಯ್ದುಕೊಂಡು ಬಂದ ತೋಪು. ಸಾಗರ ತಾಲೂಕಿನ ಅಂಬಾರಗುಡ್ಡ, ಚಿಕ್ಕಮಗಳೂರಿನ ಹೊಗರೇಕಾನು ಕೂಡ ಈ ಪಟ್ಟಿಯಲ್ಲಿವೆ.

ಅದೇ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಇಡಬೇಕು. ಊರಿನ ಕಾನು ಯಾವ ಸರ್ವೆ ನಂಬರಿನಲ್ಲಿದೆ, ಪಹಣಿಯಲ್ಲಿ ಅದರ ವರ್ಗ ಏನು, ಒರತೆಗಳು ಎಲ್ಲಿವೆ, ಯಾವ ಹಳ್ಳದ ದಂಡೆಯಲ್ಲಿ ಯಾವ ಅಪ್ಪೆ ಮರ ಇದೆ, ಬನದ ಕಟ್ಟಳೆ ಏನು ಎಂಬುದನ್ನೆಲ್ಲ ಅದರಲ್ಲಿ ಬರೆಸಬಹುದು. ಕಾಡಿನ ಪಟ್ಟಿ ಮಾಡಲು ಬರುವ ಅಧಿಕಾರಿಗಳ ಮುಂದೆ ಇಡಲು ಊರಿನ ಕೈಯಲ್ಲಿರುವ ಸರ್ಕಾರಿ ಮಾನ್ಯತೆಯ ದಾಖಲೆ ಅದು. ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ಇದೆಯೇ, ಯಾವ ವರ್ಷ ಬರೆದಿದ್ದು, ಅದರಲ್ಲಿ ನಿಮ್ಮ ಊರಿನ ಕಾನು, ಬೆಟ್ಟ, ಬನಗಳ ಹೆಸರಿದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ.